ಮೊಳಗದ ಸೈರನ್

ಮಾನ್ಯ ಡೀನ್ ಅವರಿಗೆ ವಂದನೆಗಳು.

ನಿನ್ನೆಯ ವಿದ್ಯಾರ್ಥಿ ತಂತ್ರಜ್ಞಾನ ಪ್ರದರ್ಶನದಲ್ಲಿ ನಮ್ಮ ವಿದ್ಯಾರ್ಥಿ ರಾಗಿಲ್ ಮಾಡಿದ ನೆರೆ ಎಚ್ಚರಿಕೆಯ ಸೈರನ್ ಯಾಕೆ ಮೊಳಗಲಿಲ್ಲವೆಂದು ಲಿಖಿತ ವಿವರಣೆ ಕೇಳಿದ್ದೀರಿ. ಕೊಡುತ್ತೇನೆ.

ಅದು ಜೋರು ಮಳೆ ಬಿದ್ದರೆ ಕೂಗುವ ಯಂತ್ರ. ಅದಕ್ಕೆಂದೇ ಮಳೆಗಾಲದಲ್ಲಿ, ಬಯಲಿನಲ್ಲಿ ಮಳಿಗೆ ಹಾಕಿದೆವು. ಅತಿಥಿಗಳ ಬಾಟಿಕ್ ಅಂಗಿ ನೆನೆಯಬಾರದೆಂದು ತಾವು ಮಂತ್ರ ಹಾಕಿ ಮಳೆ ತಡೆಯುವ ಕರ್ಸೊ ಅಜ್ಜನನ್ನು ಕರೆಸಿದಿರಿ. ಅವರು ಮೈದಾನದ ಮೂಲೆಯಲ್ಲಿ ಪೊರಕೆಯನ್ನು ತಲೆಕೆಳಗಾಗಿ ನೆಟ್ಟು, ಕಡ್ಡಿಗಳಿಗೆ ಮೆಣಸಿನಕಾಯಿ ಚುಚ್ಚಿ ಕೂತರು. ಒಂದು ಹನಿಯೂ ಬೀಳಲಿಲ್ಲ. ಬಕೆಟ್ ನೀರಾದರೂ ಸುರಿಯುತ್ತೇನೆಂದರೆ, "ವೇದಿಕೆ ಕೆಸರಾಗುತ್ತೆ, ಸುಮ್ನಿರಮ್ಮ" ಎಂದಿರಿ. ತೀರ್ಪುಗಾರರು "ಯಂತ್ರ ಕೆಲಸ ಮಾಡುವುದಿಲ್ಲ" ಎಂದು ಬರೆದು ಹೋದರು. ರಾಗಿಲ್ ಊಟದ ಪೊಟ್ಟಣವನ್ನೂ ಬಿಚ್ಚಲಿಲ್ಲ.

ಇನ್ನೇನು ವಿವರಿಸಲಿ?

ಎಲ್ಲರೂ ಹೋದ ಮೇಲೆ ಕರ್ಸೊ ಅಜ್ಜ ಮಳಿಗೆಗೆ ಬಂದು, "ಇದು ನಿಜವಾಗ್ಲೂ ಕೂಗುತ್ತೇನಪ್ಪಾ?" ಎಂದು ಕೇಳಿದರು. ನೀರು ಸುರಿದೆವು, ಇಡೀ ಮೈದಾನವೇ ಅದುರಿತು.

"ನಮ್ಮನೆ ಹೊಳೆ ದಂಡೆ ಮೇಲೇ ಇರೋದು. ನಮಗೂ ಒಂದು ಹಾಕ್ಕೊಡಪ್ಪಾ" ಎಂದರು.

ನಾಳೆ ಹಾಕಲು ಹೋಗುತ್ತಿದ್ದೇವೆ. ದಯವಿಟ್ಟು ತೀರ್ಪುಗಾರರನ್ನು ಅಲ್ಲಿಗೆ ಕಳಿಸಿ. ಕೊಡೆ ತರಲು ಹೇಳಿ. ಅಜ್ಜನಿಗೆ ನಾಳೆ ರಜೆ.

ಇತಿ,
ಒಂದು ಹನಿಗಾಗಿ ಕಾದು ಸುಸ್ತಾದ
ವೆನಿಂಗ್
ಪ್ರದರ್ಶನದ ವಿದ್ಯಾರ್ಥಿ ಸಂಚಾಲಕಿ