ಫೈಲಕಾಕ್ಕೆ ಗ್ರೀಕರು ಬರಲಿಲ್ಲವೆಂಬ ಕ್ಷಮಾಪಣೆ

ಕುವೈತ್, ಏಪ್ರಿಲ್ 1983

ನಮ್ಮ ಮಕ್ಕಳ ಶಾಲೆಯ ಆಡಳಿತ ಮಂಡಳಿಯ ಅಧ್ಯಕ್ಷರಿಗೆ,

ಮಾನ್ಯರೇ, ಒಂಬತ್ತನೇ ಕ್ಲಾಸಿನ ನನ್ನ ಮಗಳು ಎಲಿಜಬೆತ್ ಇತಿಹಾಸದ ಪರೀಕ್ಷೆಯಲ್ಲಿ ನಿಜ ಬರೆದಳೆಂದು ನೀವು ಅವಳಿಂದ ಕ್ಷಮಾಪಣೆ ಬರೆಸಿಕೊಂಡಿದ್ದೀರಿ. ನನಗೆ ಹೇಸಿಗೆಯಾಗಿದೆ. ನಿಮ್ಮ ಕಚೇರಿಯಲ್ಲಿ ತಗ್ಗಿದ ದನಿಯಲ್ಲಿ ಹೇಳಿದ್ದನ್ನು ಈಗ ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ.

ಪ್ರಶ್ನೆ ಇಷ್ಟೇ: ಗ್ರೀಕರ ವಿದ್ಯೆ ಹೊಸ ಯುರೋಪನ್ನು ತಲುಪಿದ್ದು ಹೇಗೆ? ನಿಮ್ಮ ಪಠ್ಯದಲ್ಲಿ ಗ್ರೀಸಿಗೆ ಮೂವತ್ತು ಪುಟ, ರೋಮಿಗೆ ಮೂವತ್ತು ಪುಟ, ಆಮೇಲಿನ ಸಾವಿರ ವರ್ಷಕ್ಕೆ ‘ಕತ್ತಲ ಯುಗ’ ಎಂದು ಹತ್ತು ಸಾಲು. ಮರುಪುಟದಲ್ಲಿ ಇಟಲಿಯವರು ಎದ್ದು ಕಣ್ಣುಜ್ಜಿಕೊಂಡು ಚಿತ್ರ ಬರೆಯಲು ಕೂರುತ್ತಾರೆ. ಅಷ್ಟು ಕಾಲ ಆ ಗ್ರಂಥಗಳನ್ನು ಕಾಪಾಡಿದವರು ಯಾರು, ಇಲಿಗಳೇ? ನಾನು ಜಾಬ್ರಿಯಾದ ಆಸ್ಪತ್ರೆಯಲ್ಲಿ ನರ್ಸ್. ಗ್ರೀಕರ ವೈದ್ಯಗ್ರಂಥಗಳು ಬಾಗ್ದಾದಿನಲ್ಲಿ ಅರಬ್ಬಿಗೆ ಬಂದು, ಅರಬ್ಬಿಯಿಂದ ಲ್ಯಾಟಿನ್ನಿಗೆ ಹೋಗಿ, ಯುರೋಪಿನ ವಿಶ್ವವಿದ್ಯಾಲಯಗಳಲ್ಲಿ ಪಾಠವಾದದ್ದನ್ನು ನಮ್ಮ ವಾರ್ಡಿನ ಈಜಿಪ್ಟಿನ ಡಾಕ್ಟರು ಹೇಳಿದ್ದರು. ಮಗಳಿಗೆ ದಾಟಿಸಿದವಳು ನಾನು. ಕಳೆದ ಚಳಿಗಾಲದ ಒಂದು ಶುಕ್ರವಾರ ಅವಳನ್ನು ಬೋಟಿನಲ್ಲಿ ಫೈಲಕಾ ದ್ವೀಪಕ್ಕೂ ಕರೆದೊಯ್ದಿದ್ದೆ. ಅಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದೆ ಗ್ರೀಕರು ಬಂದು ಕಟ್ಟಿದ ಗುಡಿಯ ಅಡಿಪಾಯ ಇನ್ನೂ ಇದೆ. ಅದರ ಪಕ್ಕದಲ್ಲೇ ಕೂತು ಬುತ್ತಿ ಬಿಚ್ಚಿದೆವು. ಹುಡುಗಿ ಬಾಗ್ದಾದಿನ ಕತೆ, ಫೈಲಕಾದ ಗುಡಿ ಎರಡನ್ನೂ ಬರೆದಳು. ಉತ್ತರಕ್ಕೆ ಸೊನ್ನೆ, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ಕಟ್ಟುಕತೆ’.

ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ಓಡಿಬಂದಾಗ ನೀವು ಅಂದದ್ದು ನೆನಪಿದೆಯೇ?

“ಪುಸ್ತಕದಲ್ಲಿ ಇಲ್ಲ ಅಂದ್ಮೇಲೆ ಇಲ್ಲ, ಸಿಸ್ಟರ್. ತಪ್ಪಾಯ್ತು ಅಂತ ಬರೆದುಕೊಡ್ಲಿ, ಪಾಸ್ ಮಾಡ್ತೀವಿ. ಖಲಾಸ್.”

“ಸರ್, ನಾವು ಹೋಗಿ ನೋಡಿ ಬಂದ ಕಲ್ಲಲ್ವಾ ಅದು?”

“ಆ ಕಲ್ಲು ಸಿಲೆಬಸ್‌ನಲ್ಲಿ ಇದೆಯಾ?” ಎಂದು ನಕ್ಕಿರಿ.

ನಾನು ಒಪ್ಪದೆ ಎದ್ದುಬಂದೆ. ಮರುದಿನ ನೀವು ಅವಳನ್ನು ಕ್ಲಾಸಿನ ಎದುರು ನಿಲ್ಲಿಸಿ ‘ಫೈಲಕಾಕ್ಕೆ ಗ್ರೀಕರು ಬಂದಿಲ್ಲ, ನಾನು ಅಲ್ಲಿ ಏನನ್ನೂ ಕಂಡಿಲ್ಲ’ ಎಂದು ಬರೆಸಿ ಸಹಿ ಹಾಕಿಸಿಕೊಂಡಿರಿ. ಓದಿದ್ದನ್ನೆಲ್ಲ ಅಡುಗೆಮನೆಗೆ ಬಂದು ನನಗೆ ಒಪ್ಪಿಸುತ್ತಿದ್ದ ಹುಡುಗಿ ಅಂದು ಬ್ಯಾಗು ಎಸೆದು, “ಲೀವ್ ಇಟ್ ಮಮ್ಮಿ, ಇಟ್ಸ್ ಓನ್ಲಿ ಹಿಸ್ಟರಿ” ಎಂದಳು. ನನಗೆ ಅಳು ತಡೆಯಲಾಗಲಿಲ್ಲ.

ಅಂಕ ನೀವೇ ಇಟ್ಟುಕೊಳ್ಳಿ. ಬೇಕಾದರೆ ಇನ್ನೊಂದು ವರ್ಷ ಅವಳನ್ನು ಅದೇ ಬೆಂಚಿನಲ್ಲಿ ಕೂರಿಸಿ. ಆ ಕಾಗದವನ್ನು ಮಾತ್ರ ಅದೇ ಕ್ಲಾಸಿನ ಎದುರು ಅವಳ ಕೈಗೆ ವಾಪಸ್ ಕೊಡಿ. ಕಣ್ಣಾರೆ ಕಂಡದ್ದನ್ನು ಕಂಡಿಲ್ಲವೆಂದು ಮಗಳು ಹಾಕಿದ ಸಹಿ ನಿಮ್ಮ ಕಪಾಟಿನಲ್ಲಿ ಇರುವವರೆಗೆ ಅವಳು ಪಾಸಾದಳೆಂದು ನಾನು ಒಪ್ಪುವುದಿಲ್ಲ.

ಇಂತಿ,
ಮಗಳಿಗೆ ಕಲ್ಲು ತೋರಿಸಿದ ಮೊದಲ ಅಪರಾಧಿ,
ಬ್ರಿಜಿಟ್, ಫರ್ವಾನಿಯಾ