ಬಾವಿಯ ಕತ್ತೆಯ ಮೇಲೆ ಕುಳಿತವರು

ವಯಸ್ಕರ ಓದನ್ನು ಅಳೆಯುವ ಇಲಾಖೆಯ ಮಾನ್ಯ ಮುಖ್ಯಾಧಿಕಾರಿಗಳೇ,

ನನ್ನ ಅಕ್ಕನಿಗೆ ಓದಲು ಬರುವುದಿಲ್ಲ. ಬರುತ್ತದೆ ಎಂದು ನಿಮ್ಮ ಇಲಾಖೆ ಮೊಹರು ಒತ್ತಿ ಪ್ರಮಾಣಪತ್ರ ಕೊಟ್ಟಿದೆ. ಅದನ್ನು ಹಿಂದಕ್ಕೆ ಪಡೆಯಿರಿ ಎಂದು ಕೇಳಲು ಈ ಪತ್ರ. ಮೇಲಿನ ಹಂತಕ್ಕೆ ಏರಿಸಿ ಎಂದು ಗೋಗರೆಯುವವರು ನಿಮಗೆ ಬೇಕಾದಷ್ಟು ಸಿಕ್ಕಿರಬಹುದು. ಕೆಳಗಿಳಿಸಿ ಎನ್ನುವವರು ಅಪರೂಪ. ಯಾವ ಕಡತಕ್ಕೂ ಹೊಂದದ ಕಾಗದವೊಂದನ್ನು ನಿಮ್ಮ ಮೇಜಿಗೆ ತಂದದ್ದಕ್ಕೆ ಮೊದಲೇ ಕ್ಷಮೆ ಇರಲಿ.

ನಿಮ್ಮ ಪದ್ಧತಿಯ ಬಗ್ಗೆ ನನಗೆ ಗೌರವವಿದೆ. ಅಕ್ಷರ ಗುರುತಿಸಲಾರದವರು ಮೊದಲ ಹಂತ, ಕೂಡಿಸಿ ಕೂಡಿಸಿ ಓದುವವರು ಎರಡನೆಯದು, ತಡವರಿಸದೆ ಓದುವವರು ಮೂರನೆಯದು. ಮೊದಲೆರಡು ಹಂತದವರಿಗೆ ಸಂಜೆ ತರಗತಿ, ಮೂರನೆಯವರಿಗೆ ಪ್ರಮಾಣಪತ್ರ. ಎಲ್ಲರ ಕೈಗೂ ಒಂದೇ ಪಾಠ. ಯಾರು ಎಲ್ಲಿಯವರೆಗೆ ಓದುತ್ತಾರೋ ಅದು ಅವರ ಹಂತ. ಇದರಲ್ಲಿ ತಪ್ಪು ಹುಡುಕಲು ನಾನು ಯಾರು? ನನ್ನ ತಕರಾರು ಇರುವುದು ಬಾಗಿಲಿನ ಬಗ್ಗೆ. ಪರೀಕ್ಷೆ ನಡೆಯುವ ಕೋಣೆಯ ಬಾಗಿಲಿಗೆ ಚಿಲಕವಿಲ್ಲ. ಗಾಳಿಗೆ ಬಡಿದುಕೊಳ್ಳದಿರಲಿ ಎಂದು ಅದಕ್ಕೊಂದು ಮುರುಕು ಕುರ್ಚಿ ಒತ್ತಿ, ಅರ್ಧ ತೆರೆದೇ ಇಟ್ಟಿದ್ದಾರೆ. ಸರದಿಗಾಗಿ ಕಾಯುವವರ ಬೆಂಚು ಅದರ ಪಕ್ಕದಲ್ಲೇ ಇದೆ. ಅಕ್ಕ ಆ ಬೆಂಚಿನ ತುದಿಯಲ್ಲಿ ಬೆಳಿಗ್ಗೆಯಿಂದ ಊಟದ ಹೊತ್ತಿನವರೆಗೆ ಕುಳಿತಿದ್ದಳು.

ಪಾಠ ಸಣ್ಣದು. ಊರಿನ ಬಾವಿ ಬತ್ತುತ್ತದೆ, ಜನ ಬಾವಿಯ ಕಟ್ಟೆಯ ಮೇಲೆ ಕುಳಿತು ಚರ್ಚಿಸುತ್ತಾರೆ, ಹೂಳೆತ್ತುತ್ತಾರೆ, ನೀರು ಬರುತ್ತದೆ. ಒಳಗೆ ಹೋದವರೆಲ್ಲ ಇದನ್ನೇ ಓದಿದರು, ಕೆಲವರು ಎಡವಿ ಎದ್ದು, ಕೆಲವರು ಎಡವಿದಲ್ಲೇ ಕುಳಿತು. ಕೇಳಿದ್ದನ್ನು ಬಿಡದೆ ಹಿಡಿದಿಟ್ಟುಕೊಳ್ಳುವುದು ಓದು ಬಾರದವರ ಹಳೆಯ ಅಭ್ಯಾಸ. ಅವಳ ಸರದಿ ಬರುವಷ್ಟರಲ್ಲಿ ಪಾಠ ಅವಳಿಗೆ ಬಾಯಿಪಾಠವಾಗಿತ್ತು. ಅವಳು ಒಳಗೆ ಹೋಗಿ, ಹಾಳೆ ಹಿಡಿದು, ಕಣ್ಣನ್ನು ಸಾಲಿನಿಂದ ಸಾಲಿಗೆ ಆಡಿಸುತ್ತ, ಎಲ್ಲರಿಗಿಂತ ಚೆನ್ನಾಗಿ ಓದಿಬಿಟ್ಟಳು.

ಸಾಕ್ಷಿ ಏನು ಎಂದು ನೀವು ಕೇಳಬಹುದು. ಸಾಕ್ಷಿ ಕತ್ತೆ. ಅಕ್ಕನಿಗಿಂತ ಮೊದಲು ಓದಿದ ಕಾವಲುಗಾರರೊಬ್ಬರು ‘ಬಾವಿಯ ಕಟ್ಟೆ’ಯನ್ನು ‘ಬಾವಿಯ ಕತ್ತೆ’ ಎಂದು ಓದಿದ್ದರು. ಗಟ್ಟಿ ಗಂಟಲಿನ ಮನುಷ್ಯ, ಬೆಂಚಿನ ಕೊನೆಯವರೆಗೂ ಕತ್ತೆ ಕೇಳಿಸಿತು. ಅಕ್ಕ ಅದನ್ನು ಜೋಪಾನವಾಗಿ ಒಳಗೆ ಹೊತ್ತುಕೊಂಡು ಹೋದಳು. ಓದಿ ಮುಗಿದ ಮೇಲೆ ಪರೀಕ್ಷಕಿ, ಊರಿನವರು ಎಲ್ಲಿ ಕೂತು ಮಾತಾಡಿದರು ಎಂದು ಪ್ರಶ್ನೆ ಕೇಳಿದರಂತೆ.

“ಕತ್ತೆ ಮೇಲೆ,” ಎಂದಳಂತೆ ಅಕ್ಕ.

“ಎಲ್ಲರೂನಾ?”

“ಚಿಕ್ಕ ಊರಿರಬೇಕು ಬಿಡಿ ಮೇಡಂ.”

ಪರೀಕ್ಷಕಿ ನಕ್ಕು ಬರೆದುಕೊಂಡರು: ಉಚ್ಚಾರಣೆಯಲ್ಲಿ ಸಣ್ಣ ದೋಷ, ಗ್ರಹಿಕೆ ಉತ್ತಮ, ಮೂರನೇ ಹಂತ. ಅವರನ್ನು ನಾನು ದೂರುವುದಿಲ್ಲ. ಒಂದೇ ಬಾವಿಯ ಕಥೆಯನ್ನು ಬೆಳಿಗ್ಗೆಯಿಂದ ಕೇಳಿದವರಿಗೆ ಕಟ್ಟೆಯಾದರೇನು, ಕತ್ತೆಯಾದರೇನು?

ಅಕ್ಕನಿಗೆ ಪ್ರಮಾಣಪತ್ರ ಬೇಕಿರಲಿಲ್ಲ. ಸಂಜೆ ತರಗತಿ ಬೇಕಿತ್ತು. ಹಾಗಿದ್ದರೆ ಓದು ಬರಲ್ಲ ಅಂತ ಯಾಕೆ ಹೇಳಲಿಲ್ಲ ಎಂದು ಕೇಳಿದೆ. “ಪರೀಕ್ಷೆ ಅಂದಮೇಲೆ ಪಾಸಾಗಬೇಕಲ್ವೇನೋ? ಫೇಲಾದೋರನ್ನ ಯಾರು ತರಗತಿಗೆ ಸೇರಿಸ್ಕೋತಾರೆ?” ಎಂದಳು. ಫೇಲಾದವರನ್ನೇ ಸೇರಿಸಿಕೊಳ್ಳುವ ತರಗತಿಯೊಂದು ಲೋಕದಲ್ಲಿ ಇರಬಹುದೆಂದು ಅವಳಿಗೆ ಹೊಳೆದಿರಲಿಲ್ಲ. ನಿಮ್ಮ ಪ್ರಕಟಣೆಯಲ್ಲಿ ಅದನ್ನು ಸ್ಪಷ್ಟವಾಗಿ ಅಚ್ಚು ಹಾಕಿಸಿದ್ದೀರಿ, ನಿಜ. ಓದಲು ಬರುವವರೆಲ್ಲ ಅದನ್ನು ಓದಿ ತಿಳಿದುಕೊಂಡಿದ್ದಾರೆ.

ಇಷ್ಟಕ್ಕೇ ನಿಂತಿದ್ದರೆ ಮನೆಯಲ್ಲಿ ಹೇಳಿಕೊಂಡು ನಗುವ ಕಥೆಯಾಗುತ್ತಿತ್ತು. ಅಕ್ಕ ಕೆಲಸ ಮಾಡುವುದು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ. ಸೋಂಕು ತಗುಲಿದ ಹಾಸು ಹೊದಿಕೆಗಳು ಮೊದಲು ಕೆಂಪು ಚೀಲದಲ್ಲಿ ಬರುತ್ತಿದ್ದವು, ಕುದಿನೀರಿನ ಯಂತ್ರಕ್ಕೆ ಹೋಗುತ್ತಿದ್ದವು. ಈಗ ಎಲ್ಲ ಚೀಲವೂ ಬಿಳಿ. ಒಳಗೇನಿದೆ ಎಂಬುದನ್ನು ಚೀಟಿಯಲ್ಲಿ ಬರೆದಿರುತ್ತಾರೆ. ಅದಕ್ಕೇ ಅವಳು ಓದು ಕಲಿಯಲು ಹೊರಟದ್ದು. ಆದರೆ ನಿಮ್ಮ ಪ್ರಮಾಣಪತ್ರ ನೋಡಿದ ಮೇಲ್ವಿಚಾರಕರು ಸಂತೋಷಪಟ್ಟು, ಚೀಟಿ ಓದಿ ಚೀಲ ಬೇರ್ಪಡಿಸುವ ಮೇಜಿಗೇ ಅವಳನ್ನು ಹಾಕಿದರು. ತನಗೆ ಓದಲು ಬರುವುದಿಲ್ಲವೆಂದು ಅಕ್ಕ ನಿಜ ಹೇಳಿದರೆ, “ಸರ್ಕಾರವೇ ಹೇಳಿದ ಮೇಲೆ ನಿಮ್ಮದೇನಮ್ಮ ಸಂಕೋಚ?” ಎಂದರಂತೆ. ಪಕ್ಕದ ಮೇಜಿನ ಗೆಳತಿ ಇದ್ದ ದಿನ ಅಕ್ಕ ಅವಳನ್ನು ಕೇಳಿ ಕೆಲಸ ನಡೆಸಿದಳು. ಗೆಳತಿ ಬಾರದ ಒಂದು ದಿನ, ಸೋಂಕಿನ ಚೀಲವೊಂದು ಮಕ್ಕಳ ವಾರ್ಡಿನ ಬಟ್ಟೆಯ ಗಾಡಿ ಹತ್ತಿತು. ಯಂತ್ರದ ಬಳಿ ಇದ್ದವನು ಚೀಟಿ ಕಂಡು ಇಳಿಸಿದ. ಯಾರಿಗೂ ಏನೂ ಆಗಲಿಲ್ಲ. ಅಕ್ಕ ಅಂದಿನಿಂದ ರಜೆ ಹಾಕಿ ಮನೆಯಲ್ಲಿದ್ದಾಳೆ. ರಜೆ ಎಷ್ಟು ದಿನ ಬಂದೀತು?

ನಿಮ್ಮ ಕಚೇರಿಗೆ ಹೋಗಿದ್ದೆವು. ಗುಮಾಸ್ತರು ಸಭ್ಯರು. ಮರುಪರೀಕ್ಷೆ ಬೇಕಿದ್ದರೆ ಅಭ್ಯರ್ಥಿಯೇ, ತನಗೆ ಓದಲು ಬರೆಯಲು ಬರುವುದಿಲ್ಲವೆಂದು ಸ್ವಂತ ಕೈಬರಹದಲ್ಲಿ ಅರ್ಜಿ ಕೊಡಬೇಕೆಂದರು. ಬರೆಯೋಕೆ ಬಂದಿದ್ದರೆ ಇಲ್ಲಿಗೆ ಯಾಕೆ ಬರ್ತಿದ್ವಿ ಎಂದೆ. “ಅದನ್ನೂ ಅರ್ಜಿಯಲ್ಲೇ ಬರೀರಿ ಸರ್,” ಎಂದರು.

ನೀನೇ ಕಲಿಸಬಹುದಲ್ಲ ಎಂದು ನೀವು ಕೇಳಬಹುದು. ಯತ್ನಿಸಿದೆ. ಚಿಕ್ಕಂದಿನಲ್ಲಿ ಮೂಗು ಒರೆಸಿದ ತಮ್ಮನ ಮುಂದೆ ಬಾಯಿ ತೆರೆಯಲು ಅವಳಿಗೆ ಆಗುವುದಿಲ್ಲ. “ತಪ್ಪು ಓದಿದ್ರೂ ನೀನು ನಗಲ್ಲ, ಅದೇ ನನಗೆ ಭಯ,” ಎಂದಳು. ನಾನು ಅಚ್ಚುಕೂಟದಲ್ಲಿ ಕರಡು ತಿದ್ದುವವನು. ದಿನವಿಡೀ ಒತ್ತಕ್ಷರ, ದೀರ್ಘ, ಬಿಟ್ಟುಹೋದ ಸೊನ್ನೆ ಹುಡುಕುತ್ತೇನೆ. ಪುಸ್ತಕ ಏನು ಹೇಳಿತು ಎಂದು ಕೇಳಿದರೆ ತಿಳಿಯದು. ನನ್ನ ಬಳಿ ಅರ್ಥವಿಲ್ಲದ ಅಕ್ಷರ, ಅವಳ ಬಳಿ ಅಕ್ಷರವಿಲ್ಲದ ಅರ್ಥ. ನಮ್ಮಿಬ್ಬರನ್ನು ಕೂಡಿಸಿದರೆ ಒಬ್ಬ ಓದುಗ ಆಗಬಹುದೇನೋ. ನಮ್ಮ ಭಾಷೆಯಲ್ಲಿ ಓದು ‘ಬರುತ್ತದೆ’ ಎನ್ನುತ್ತೇವೆ, ನೆಂಟರು ಬಂದಂತೆ. ಯಾರ ಮನೆಗೆ ಬಂದಿದೆ, ಯಾರ ಮನೆಯ ಮುಂದೆ ಹಾದುಹೋಗಿದೆ ಎಂಬುದನ್ನು ಅರ್ಧ ತೆರೆದ ಬಾಗಿಲಿನಿಂದ ಹೇಗೆ ಹೇಳುವುದು?

ಆದ್ದರಿಂದ ನನ್ನ ಬೇಡಿಕೆ ಇದು: ತರಗತಿ ಶುರುವಾಗುವ ಮೊದಲು ಅಕ್ಕನನ್ನು ಮತ್ತೊಮ್ಮೆ ಕರೆಸಿ. ಅರ್ಜಿ ಕೇಳಬೇಡಿ. ಬೇರೆ ಪಾಠ ಇಲ್ಲದಿದ್ದರೆ ಈ ಪತ್ರವನ್ನೇ ಕೊಡಿ. ಆದರೆ ಒಂದು ಎಚ್ಚರ. ಇದನ್ನು ನಿನ್ನೆ ಅವಳಿಗೆ ಓದಿ ಹೇಳಿದೆ, ಕೆಲವು ಕಡೆ ತಿದ್ದಿಸಿದಳು, ಮತ್ತೆ ಓದಿಸಿದಳು. ಈಗ ಬಾಯಿಪಾಠ. ಕೈಗೆ ಕೊಟ್ಟರೆ ಒಂದೇ ಉಸಿರಿಗೆ ಒಪ್ಪಿಸಿ ಮತ್ತೆ ಮೂರನೇ ಹಂತಕ್ಕೆ ಹೋಗಿ ಕೂರುತ್ತಾಳೆ. ಹಾಗಾಗಿ ಮೊದಲಿನಿಂದ ಓದಿಸಬೇಡಿ. ನಡುವೆ ಎಲ್ಲಾದರೂ ಒಂದು ಪದದ ಮೇಲೆ ಬೆರಳಿಟ್ಟು, ಇದೇನು ಎಂದು ಕೇಳಿ. ಅವಳು ಸುಮ್ಮನಾಗುತ್ತಾಳೆ. ಆ ಮೌನವನ್ನು ದಯವಿಟ್ಟು ಮೊದಲ ಹಂತ ಎಂದು ಬರೆದುಕೊಳ್ಳಿ.

ಇಂತಿ,
ಅದೇ ಕತ್ತೆಯ ಮೇಲೆ ತುದಿಯಲ್ಲಿ ಜಾಗ ಹಿಡಿದಿರುವ,
ಓದಲು ಬರುತ್ತದೆ ಎಂದು ಎಲ್ಲರೂ ನಂಬಿರುವ ಒಬ್ಬ ತಮ್ಮ