ಬೂದಿ ತಣ್ಣಗಿತ್ತು

ಟಿನ್‌ಕಪ್ ಹುಲ್ಲುಗಾವಲು, ಐಡಹೊ
ಆಗಸ್ಟ್ 11, ಮಧ್ಯಾಹ್ನ

ನನ್ನ ಪ್ರೀತಿಯ ಅಮ್ಮನಿಗೆ,

ಮೊದಲೇ ಹೇಳಿಬಿಡುತ್ತೇನೆ. ನನ್ನ ಕೈಕಾಲು ನೆಟ್ಟಗಿವೆ, ಕರಡಿ ತಿಂದಿಲ್ಲ, ದಿನಾ ಹಲ್ಲುಜ್ಜುತ್ತಿದ್ದೇನೆ. ಕಾಗದ ಒಡೆದ ಕೂಡಲೇ ನೀನು ಹುಡುಕುವುದು ಅದನ್ನೇ ಅಂತ ಗೊತ್ತು. ಅದೊಂದು ಬಿಟ್ಟರೆ ಇಲ್ಲಿ ಯಾವುದೂ ನೆಟ್ಟಗಿಲ್ಲ. ಇದನ್ನು ನಿಂತುಕೊಂಡು ಓದಬೇಡ, ಕೂತು ಓದು.

ನೋರೀನ್ ಅನ್ನುವ ಹೆಂಗಸು ಈ ಕಾಡಿನಲ್ಲಿ ಕಳೆದುಹೋಗಿದ್ದಾರೆ. ನಿನಗಿಂತ ಹತ್ತು ವರ್ಷ ದೊಡ್ಡವರಿರಬಹುದು. ಶಾಲೆಯ ಬಸ್ಸು ಓಡಿಸಿ ನಿವೃತ್ತರಾದವರು. ಮೂರು ದಿನದ ಹಿಂದೆ ಗಂಡನ ಜೊತೆ ಹಕಲ್‌ಬೆರಿ ಹಣ್ಣು ಕೀಳಲು ಬಂದು, ಇನ್ನೊಂದು ಪೊದೆ, ಇನ್ನೊಂದೇ ಪೊದೆ ಅಂತ ಮುಂದೆ ಮುಂದೆ ಹೋದವರು ತಿರುಗಿ ಬರಲಿಲ್ಲ. ಅವರ ಸುಳಿವು ಅಂತ ಇಡೀ ಕಾಡಿನಲ್ಲಿ ಇದ್ದದ್ದು ಒಂದೇ ಒಂದು. ಅದನ್ನು ಅಳಿಸಿಹಾಕಿದವಳು ನಿನ್ನ ಮಗಳು. ಅಳಿಸುವುದೇ ನನ್ನ ಕೆಲಸ, ಅದಕ್ಕೇ ನನಗೆ ಇಲ್ಲಿ ಊಟ ಹಾಕುತ್ತಿರುವುದು.

ಬೇಸಿಗೆಗೆ ರೇಂಜರ್ ತರಬೇತಿಗೆ ಹೋಗುತ್ತೇನೆ ಅಂದಾಗ ನೀನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ, ನೆನಪಿದೆಯಾ? "ಕಾಡು ಕ್ಲೀನ್ ಮಾಡೋಳು ನೀನಾ? ಮನೇಲಿ ನೀನು ಎಲ್ಲಿದೀಯ ಅಂತ ಹುಡುಕೋಕೆ ನಾನು ಕಸ ನೋಡ್ಕೊಂಡು ಬರ್ತೀನಿ ಕಣೇ. ಬಾಗಿಲಲ್ಲಿ ಶೂ, ಮೆಟ್ಟಿಲ ಮೇಲೆ ಕಾಲುಚೀಲ, ಆಮೇಲೆ ಸೇಬಿನ ದಿಂಡು, ಅದರ ಪಕ್ಕದಲ್ಲಿ ಮಹಾರಾಣಿ!" ಆ ಮಾತು ನನಗೆ ಚುಚ್ಚಿತ್ತು ಅಮ್ಮಾ. ಮಾಡಿ ತೋರಿಸುತ್ತೇನೆ ಅಂತ ಹಲ್ಲು ಕಚ್ಚಿಕೊಂಡೇ ಬಂದೆ.

ಮಾಡಿಯೂ ತೋರಿಸಿದೆ. ಈ ಕಾಡಿನಲ್ಲಿ ಇಂಜಿನ್ ಇರುವ ಯಾವ ಸಾಮಾನೂ ಬರುವ ಹಾಗಿಲ್ಲ. ದಾರಿಗೆ ಮರ ಬಿದ್ದರೆ ಇಬ್ಬರು ಎದುರುಬದುರು ಕೂತು ಕೈಗರಗಸ ಎಳೆಯಬೇಕು. ಜನ ಕಂಡಕಂಡಲ್ಲಿ ಕಲ್ಲು ಜೋಡಿಸಿ ಬೆಂಕಿ ಹಾಕುತ್ತಾರಲ್ಲ, ಆ ಒಲೆಗಳನ್ನು ಕಿತ್ತು ನೆಲವನ್ನು ಮೊದಲಿನಂತೆ ಮಾಡಬೇಕು. ನಮ್ಮ ತಂಡದ ಮುಂದಾಳು ಹಾಲಿಸ್, ಮಾತು ಕಡಿಮೆ, ಕಣ್ಣು ಚೂಪು. "ಮುಂದೆ ಬರೋನಿಗೆ ತಾನೇ ಮೊದಲು ಬಂದಿದ್ದು ಅನ್ನಿಸ್ಬೇಕು" ಅನ್ನುತ್ತಾಳೆ. ನೀನು ಕೆಲಸ ಮಾಡುವ ಮೋಟೆಲಿನಲ್ಲಿ ಹಾಸಿಗೆಗೆ ಬಿಳಿ ಚಾದರ ಎಳೆಯುವಾಗ ನೀನು ಹೇಳುವುದೂ ಅದನ್ನೇ ಅಲ್ಲವಾ? ಜುಲೈನಲ್ಲಿ ನಾನು ಕಿತ್ತ ಒಂದು ಒಲೆಯ ಜಾಗವನ್ನು ಹಾಲಿಸ್ ತಾನೇ ಹುಡುಕಿ ಸೋತಳು. "ಇಲ್ಲಿ ಬೆಂಕಿನೇ ಹಾಕಿರಲಿಲ್ಲ ಅಂತ ಕೋರ್ಟಲ್ಲಿ ಪ್ರಮಾಣ ಮಾಡ್ತೀನಿ" ಅಂದಳು. ಆವತ್ತು ನನ್ನ ಕಾಲು ನೆಲದ ಮೇಲೆ ಇರಲಿಲ್ಲ. ನಿನಗೆ ಬರೆಯಬೇಕು ಅಂದುಕೊಂಡೆ, ಸೋಮಾರಿತನ.

ನಿನ್ನೆ ಬೆಳಗ್ಗೆ ಹಾಲಿಸ್ ಮತ್ತು ಉಳಿದವರು ದಾರಿಗೆ ಬಿದ್ದ ಮರ ಕೊಯ್ಯಲು ನಿಂತರು. ಹುಲ್ಲುಗಾವಲು ನೋಡಿಕೊಂಡು ಬಾ ಅಂತ ನನ್ನೊಬ್ಬಳನ್ನೇ ಮುಂದೆ ಕಳಿಸಿದರು. ಇಲ್ಲಿ ಸ್ಪ್ರೂಸ್ ಮರಗಳ ಕೆಳಗೆ ಒಂದು ಕಲ್ಲೊಲೆ. ಅದರ ಪಕ್ಕದಲ್ಲಿ ಬಾಣದ ಹಾಗೆ ಜೋಡಿಸಿದ ಕಲ್ಲುಗಳು. ನನಗೆ ಮೈಯೆಲ್ಲಾ ಉರಿಯಿತು. ಇಷ್ಟು ದೂರ ನಡೆದು ಬಂದು ಮಕ್ಕಳಾಟ ಆಡುತ್ತಾರಲ್ಲ, ಇವರಿಗೆ ಹೇಳೋರು ಕೇಳೋರು ಇಲ್ಲವಾ ಅಂದುಕೊಂಡೆ. ಒಲೆ ಕೀಳುವ ಮುಂಚೆ ಕೈಯ ಹಿಂಬದಿಯನ್ನು ಬೂದಿಗೆ ಒತ್ತಿ ನೋಡಬೇಕು, ಅದು ಮೊದಲ ದಿನ ಕಲಿಸಿದ ಪಾಠ. ಒತ್ತಿ ನೋಡಿದೆ. ಬೂದಿ ತಣ್ಣಗಿತ್ತು. ಅದನ್ನು ಬಾಚಿ ಪಕ್ಕದ ತೊರೆಯಾಚೆ ತೂರಿದೆ, ಕಲ್ಲುಗಳ ಕಪ್ಪು ಮುಖ ನೆಲಕ್ಕೆ ಬರುವ ಹಾಗೆ ಅಲ್ಲೊಂದು ಇಲ್ಲೊಂದು ಹಾಕಿದೆ, ಕೊಂಬೆಯಿಂದ ನೆಲ ಬಾಚಿ ಒಣ ಎಲೆ ಉದುರಿಸಿದೆ. ಎದ್ದು ನಿಂತು ನೋಡಿದರೆ ನನಗೇ ಗುರುತು ಹತ್ತಲಿಲ್ಲ. ಸಿಳ್ಳೆ ಹಾಕಿಕೊಂಡು ಹೊರಟೆ ಅಮ್ಮಾ, ಸಿಳ್ಳೆ ಹಾಕಿಕೊಂಡು.

ಈ ಕಣಿವೆಯಲ್ಲಿ ರೇಡಿಯೋ ಮೂಕ. ಸಂಜೆ ದಿಣ್ಣೆ ಹತ್ತಿದ ಮೇಲೆ ಅದಕ್ಕೆ ಬಾಯಿ ಬಂತು. ಹೆಂಗಸೊಬ್ಬರು ಕಾಣೆಯಾಗಿದ್ದಾರೆ, ದಾರಿಯಲ್ಲಿ ಏನಾದರೂ ಗುರುತು ಕಂಡರೆ ತಿಳಿಸಿ ಅಂದಿತು. ಎಲ್ಲರೂ ಅಯ್ಯೋ ಪಾಪ ಅಂದರು. ನನ್ನ ಕಣ್ಣೆದುರು ಬಂದದ್ದು ಆ ಕಲ್ಲಿನ ಬಾಣ. ಬಾಣದ ವಿಷಯ ಹೇಳಿದಾಗ ಹಾಲಿಸ್ ಬೈಯಲಿಲ್ಲ, ನೀರಿನ ಬಾಟಲಿ ನನ್ನ ಕೈಗೆ ಕೊಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ಇವತ್ತು ಬೆಳಕು ಹರಿಯುವಷ್ಟರಲ್ಲಿ ಮತ್ತೆ ಇಲ್ಲಿಗೆ ಇಳಿದೆವು. ಅಷ್ಟರಲ್ಲಿ ಸಾಮಾನು ಹೊರಿಸುವ ಗಾರ್ಡೆಲ್ ತನ್ನ ಹೇಸರಗತ್ತೆಯ ಮೇಲೆ ನೋರೀನರ ಗಂಡ ವೆಂಡೆಲ್‌ರನ್ನು ಕೂರಿಸಿಕೊಂಡು ಬಂದ. ಕೆಳಗೇ ಇರಿ ಅಂದರೆ ಅವರು ಕೇಳಲಿಲ್ಲವಂತೆ. ಕೈಯಲ್ಲಿ ಹಣ್ಣು ತುಂಬಿದ ತಗಡಿನ ಬಕೆಟ್ಟು. ಸ್ವಲ್ಪ ಹಿಡ್ಕೋ, ಬಂದೆ ಅಂತ ಹೆಂಡತಿ ಕೊಟ್ಟು ಹೋದದ್ದಂತೆ. ಹಣ್ಣು ಕೊಳೆತು ರಸ ಸೋರಿ ಪ್ಯಾಂಟೆಲ್ಲಾ ನೇರಳೆ ಆಗಿದೆ, ಆದರೂ ಕೆಳಗಿಡುವುದಿಲ್ಲ.

ಅವರ ಎದುರಿಗೇ ಹಾಲಿಸ್ ಕೇಳಿದಳು, ಬಾಣ ಯಾವ ಕಡೆಗಿತ್ತು ಅಂತ. ನನಗೆ ನೆನಪಿಲ್ಲ. ತಲೆ ಚಚ್ಚಿಕೊಂಡರೂ ನೆನಪಿಗೆ ಬರಲಿಲ್ಲ. ಅದು ದಾರಿ ಅಂತ ನಾನು ನೋಡಿರಲೇ ಇಲ್ಲ, ಕಸ ಅಂತ ನೋಡಿದ್ದೆ. "ಬೂದಿ?" ಅಂದಳು. "ತಣ್ಣಗಿತ್ತು" ಅಂದೆ. ವೆಂಡೆಲ್ ಬಕೆಟ್ಟನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡರು.

ಬೂದಿ ತಣ್ಣಗಿದ್ದರೆ ಬೆಂಕಿ ಹಿಂದಿನ ದಿನವೇ ಆರಿರಬೇಕು, ನಾನು ಬರುವ ಹೊತ್ತಿಗೆ ಆಕೆ ಹೋಗಿ ಒಂದು ದಿನವೇ ಕಳೆದಿರಬೇಕು, ಇಷ್ಟರಲ್ಲಿ ದಿಣ್ಣೆ ದಾಟಿರುತ್ತಾರೆ. ಹಾಲಿಸ್ ಹಾಗೆ ಲೆಕ್ಕ ಹಾಕಿದಳು. ಹುಡುಕುವವರು, ನಾಯಿಗಳು, ಜೀವದ ಪ್ರಶ್ನೆ ಅಂತ ಒಪ್ಪಿಗೆ ಪಡೆದ ಹೆಲಿಕಾಪ್ಟರು, ಎಲ್ಲವೂ ದಿಣ್ಣೆಯಾಚೆಯ ದೊಡ್ಡ ಕಣಿವೆಗೆ ಹೋದವು. ನನಗೆ ಸಿಕ್ಕ ಕೆಲಸ, ನಾನೇ ಅಳಿಸಿದ ಜಾಗ ಹುಡುಕುವುದು.

ಸಿಗಬೇಕಲ್ಲ! ಸ್ಪ್ರೂಸ್ ಮರಗಳೆಲ್ಲ ಒಂದೇ ಥರ. ಬೆಳಗಿನಿಂದ ಮಂಡಿಯೂರಿ ಒಂದೊಂದೇ ಕಲ್ಲು ಮಗುಚುತ್ತಿದ್ದೇನೆ. ಇರುವೆ, ಹುಳ, ಒದ್ದೆ ಮಣ್ಣು. ಉಗುರು ಕಿತ್ತುಬಂದಿದೆ. ಕೊನೆಗೆ ಒಂದರ ಕೆಳಗೆ ಮಸಿ ಕಂಡಿತು, ಆಮೇಲೆ ಇನ್ನೂ ಕೆಲವು. ಆದರೆ ಬಾಣದ ಕಲ್ಲುಗಳು ಬೆಂಕಿ ಕಂಡವಲ್ಲ, ಅವಕ್ಕೆ ಮಸಿ ಎಲ್ಲಿಂದ ಬರಬೇಕು? ಹುಟ್ಟಿದಾಗಿನಿಂದ ಯಾವ ಕೆಲಸವನ್ನೂ ನಾನು ಇಷ್ಟು ಅಚ್ಚುಕಟ್ಟಾಗಿ ಮಾಡಿರಲಿಲ್ಲ.

ವೆಂಡೆಲ್ ಪಕ್ಕದಲ್ಲಿ ಕೂತು ಮಾತಾಡುತ್ತಲೇ ಇದ್ದರು. ಅವರಿಗೆ ಇನ್ನೂ ನನ್ನ ಮೇಲೆ ಸಿಟ್ಟು ಬಂದಿಲ್ಲ, ಅದನ್ನೇ ತಡೆಯಲಾಗುತ್ತಿಲ್ಲ. "ಅಂಗಡಿಗೆ ಹೋದ್ರೆ ಕಾರು ಎಲ್ಲಿ ನಿಲ್ಸಿದೆ ಅಂತ ಮರೀತಾಳೆ. ಅದಕ್ಕೇ ಆಂಟೆನಾಗೆ ಕೆಂಪು ರಿಬ್ಬನ್ ಕಟ್ಟಿದಾಳೆ. ಆ ಬಾಣ ನಿಮಗೆ ಅಂತ ಇಟ್ಟಿದ್ದಲ್ಲ ಕಣಮ್ಮಾ. ತನಗೇ ಇಟ್ಕೊಂಡಿದ್ದು, ವಾಪಸ್ ಬರೋಕೆ" ಅಂದರು. ನನ್ನ ಕೈ ಅಲ್ಲೇ ನಿಂತಿತು. ವಾಪಸ್ ಬರೋಕೆ! ನೋರೀನ್ ಬಂದು, ಇದೇ ಮರಗಳ ಕೆಳಗೆ ನಿಂತು, ತನ್ನ ಒಲೆ ಎಲ್ಲಿ ಅಂತ ಹುಡುಕಿದರಾ? ಗುಡಿಸಿ ಇಟ್ಟ ನೆಲ ನೋಡಿ, ಇದು ಆ ಜಾಗ ಅಲ್ಲ ಅಂತ ತಿರುಗಿ ಹೋದರಾ? ಆಮೇಲೆ ವೆಂಡೆಲ್ ತಮ್ಮಷ್ಟಕ್ಕೇ ಅಂದರು, "ಬೆಂಕಿ ಆರಿಹೋಗಿತ್ತಲ್ಲ. ಅವಳಿಗೆ ಚಳಿ ಅಂದ್ರೆ ಆಗಲ್ಲ. ಮುಗೀತು ಬಿಡು." ಅಳಲಿಲ್ಲ. ಅತ್ತಿದ್ದರೆ ನಾನೂ ಅಳುತ್ತಿದ್ದೆ.

ಅಮ್ಮಾ, ನನಗೆ ಏನು ಮಾಡಬೇಕೋ ತೋಚುತ್ತಿಲ್ಲ. ಮನೆಗೆ ಬಂದುಬಿಡಬೇಕು ಅನ್ನಿಸುತ್ತದೆ. ಬಂದರೆ ನಿನ್ನ ಮುಖ ನೋಡುವುದು ಹೇಗೆ ಅನ್ನಿಸುತ್ತದೆ. ಒಂದು ಮಾತು ನಡೆಸಿಕೊಡು. ನನ್ನ ಕೋಣೆ ಹೇಗಿದೆಯೋ ಹಾಗೇ ಇರಲಿ, ಗುಡಿಸಬೇಡ.

ನಿನ್ನ ಮನೆಯ ಕಸ,
ಡೆಲ್ಫಿ

ತಾ.ಕ.: ಗಾರ್ಡೆಲ್ ಕತ್ತೆಗಳಿಗೆ ಹೊರೆ ಬಿಗಿಯುತ್ತಿದ್ದಾನೆ, ಕಾಗದ ಅವನ ಕೈಗೆ ಕೊಡಬೇಕು. ಮೇಲೆ ಬರೆದದ್ದನ್ನು ಹೊಡೆದುಹಾಕುವುದಿಲ್ಲ, ಅಳಿಸಿದ್ದು ಸಾಕು. ಬೂದಿ ತಣ್ಣಗಿರಲಿಲ್ಲ ಅಮ್ಮಾ. ಬೆಚ್ಚಗಿತ್ತು. ಒಲೆಯಿಂದ ತೆಗೆದಿಟ್ಟ ಬ್ರೆಡ್ಡಿನಷ್ಟು. ಬೆಚ್ಚಗಿದ್ದರೆ ಅಲ್ಲೇ ನಿಲ್ಲಬೇಕು, ಯಾರಾದರೂ ಇದ್ದೀರಾ ಅಂತ ಕೂಗಬೇಕು. ನಾನು ಒಂದು ಸಲವೂ ಕೂಗಲಿಲ್ಲ. ಅವಸರ, ಕೋಪ. ನೀರು ಸುರಿದು ಕಲಸಿ ತಣ್ಣಗೆ ಮಾಡಿದವಳು ನಾನು. ಇವತ್ತು ವೆಂಡೆಲ್‌ರ ಎದುರಿಗೆ ಬಾಯಿಂದ ಸುಳ್ಳು ಜಾರಿತು. ಬೆಳಗಿನಿಂದ ಎಲ್ಲರನ್ನೂ ನಾನು ತಪ್ಪು ಕಣಿವೆಯಲ್ಲಿ ಅಲೆಸುತ್ತಿದ್ದೇನೆ. ಆಕೆ ಇಲ್ಲೇ ಎಲ್ಲೋ ಇದ್ದಾರೆ.

ಈಗಷ್ಟೇ ಹೋಗಿ ಹೇಳಿಬಂದೆ. ಹಾಲಿಸ್ ನನ್ನ ಕಡೆ ನೋಡದೆ, ಎಲ್ಲರನ್ನೂ ವಾಪಸ್ ಕರೆಸಲು ರೇಡಿಯೋ ಎತ್ತಿಕೊಂಡು ದಿಣ್ಣೆಯ ಕಡೆ ಓಡಿದಳು. ವೆಂಡೆಲ್ ಹೊಡೆಯುತ್ತಾರೆ ಅಂತ ನಾನು ನಿಂತಿದ್ದೆ, ಹೊಡೆಯಲಿ ಅಂತಲೇ ನಿಂತಿದ್ದೆ. ಅವರು ಮೊದಲ ಸಲ ಬಕೆಟ್ಟು ಕೆಳಗಿಟ್ಟರು. "ಬೆಚ್ಚಗಿತ್ತಾ? ನಿನ್ನೆ ಬೆಳಗ್ಗೆ?" ಅಂದರು. ಹೂಂ ಅಂದೆ. "ಹಾಗಾದ್ರೆ ನಿನ್ನೆ ಬೆಳಗ್ಗೆ ನನ್ನ ನೋರೀನ್ ಇದ್ಲು!" ಅಂದರು. ಬೂದಿ ಮುಟ್ಟಿದ್ದು ಯಾವ ಕೈ ಅಂತ ಕೇಳಿದರು. ಬಲಗೈ ಕೊಟ್ಟೆ. ಅದರ ಹಿಂಬದಿಯನ್ನು ತಮ್ಮ ಕೆನ್ನೆಗೆ ಒತ್ತಿ ಹಿಡಿದುಕೊಂಡರು. ನನ್ನ ನಾಚಿಕೆ ಮುಚ್ಚಿಕೊಳ್ಳಲು ಆ ಮುದುಕನ ಆಸೆಯನ್ನೇ ಬಚ್ಚಿಟ್ಟುಕೊಂಡಿದ್ದೆ, ನೋಡು.

ಈಗ ಇಬ್ಬರೂ ಕೂಗಲು ಹೊರಟಿದ್ದೇವೆ. ಕಾಲುಚೀಲ ಕೊಂಬೆಗೆ ಕಟ್ಟುತ್ತೇನೆ, ಟೋಪಿ, ಬನಿಯನ್, ತಿಂದ ಸೇಬಿನ ದಿಂಡು, ಕೈಗೆ ಸಿಕ್ಕಿದ್ದನ್ನೆಲ್ಲ ದಾರಿಯುದ್ದಕ್ಕೂ ಬಿಟ್ಟುಕೊಂಡು ಹೋಗುತ್ತೇನೆ. ಆಕೆಯ ಕಣ್ಣಿಗೆ ಒಂದಾದರೂ ಬೀಳಲಿ.